ಫೆಸ್ಟಿವಲ್ ಸೆಟ್ಟಿಗೊಂದು ತಯಾರಿ, ಮಿಕ್ಸಿಗೆ ಇನ್ನೊಂದು

ಡಿಜೆ ಬಯಲು ವೇದಿಕೆಯಲ್ಲಿ ನುಡಿಸುವ ಒಂದು ಗಂಟೆಯ ಸೆಟ್, ಮನೆಯಲ್ಲಿ ರೆಕಾರ್ಡ್ ಮಾಡಿ ಹಂಚುವ ಒಂದು ಗಂಟೆಯ ಮಿಕ್ಸ್, ಎರಡೂ ಹೊರನೋಟಕ್ಕೆ ಒಂದೇ. ಅದೇ ಹಾಡು, ಅದೇ ಡೆಕ್, ಅದೇ ಕೈಕೆಲಸ. ತಯಾರಿ ಮಾತ್ರ ಪೂರಾ ಬೇರೆ. ಸೆಟ್ಟಿನ ಕ್ರಮ ತೀರ್ಮಾನವಾಗುವುದು ವೇದಿಕೆಯ ಮೇಲೆ, ಎದುರಿಗಿರುವ ಜನರನ್ನು ನೋಡಿಕೊಂಡು. ಮನೆಯಿಂದ ಒಯ್ಯಬೇಕಾದ್ದು ಆಯ್ಕೆಗಳನ್ನು. ಮಿಕ್ಸಿನಲ್ಲಾದರೆ ಕ್ರಮವೇ ಕೆಲಸ, ಅದನ್ನು ಕೂತು ಕಟ್ಟಬೇಕು. ಹೊಸಬರು ಇದನ್ನು ತಿರುಗಾಮುರುಗಾ ಮಾಡುವುದೇ ಹೆಚ್ಚು: ಫೆಸ್ಟಿವಲ್‌ಗೆ ಹದಿನೈದು ಹಾಡಿನ ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ, ಮಿಕ್ಸನ್ನು ಮನಸ್ಸಿಗೆ ಬಂದಂತೆ ಒಂದೇ ಸಲಕ್ಕೆ ನುಡಿಸಿ ಅಪ್‌ಲೋಡ್ ಮಾಡುತ್ತಾರೆ.

ಬೀಟ್ ಹೊಂದಿಸಲು ಈಗಾಗಲೇ ಬರುವವರಿಗಾಗಿ ಈ ಬರಹ. ದೊಡ್ಡ ವೇದಿಕೆಗಳಲ್ಲಿ ಹೆಚ್ಚಾಗಿ ಸಿಗುವುದು ಪಯೋನೀರ್ ಸಿಡಿಜೆ ಪ್ಲೇಯರ್‌ಗಳು, ಡಿಜೆಎಂ ಮಿಕ್ಸರ್. ಹಾಗಾಗಿ ವಿವರಗಳೆಲ್ಲ ಅವಕ್ಕೂ ಅವುಗಳಿಗೆ ಹಾಡು ಸಿದ್ಧಮಾಡುವ ರೆಕಾರ್ಡ್‌ಬಾಕ್ಸ್ ತಂತ್ರಾಂಶಕ್ಕೂ ಸಂಬಂಧಿಸಿದವು.

ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದ್ದು

ಆಯೋಜಕರು ಕರೆ ಮಾಡಿದಾಗ ಸಂಭಾವನೆಯ ಮಾತಿನ ಜೊತೆಗೇ ಇಷ್ಟನ್ನು ಕೇಳಿಕೊಳ್ಳಿ: ಸೆಟ್ ಎಷ್ಟು ಗಂಟೆಗೆ, ಎಷ್ಟು ನಿಮಿಷ, ನಿಮ್ಮ ಮುಂಚೆ ಯಾರು, ಆಮೇಲೆ ಯಾರು, ಯಾವ ಮಾದರಿಯ ಪ್ಲೇಯರ್, ಎಷ್ಟು ಪ್ಲೇಯರ್, ಯಾವ ಮಿಕ್ಸರ್, ಡಿಜೆ ಕಡೆಗೆ ತಿರುಗಿದ ಸ್ಪೀಕರ್, ಅಂದರೆ ಬೂತ್ ಮಾನಿಟರ್ ಇದೆಯೇ, ಡೆಕ್‌ಗಳಿಗೆ ಯುಪಿಎಸ್ ಇದೆಯೇ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಲೈನ್‌ನಿಂದ ಜನರೇಟರ್‌ಗೆ ಬದಲಾಗುವಾಗ ಒಂದೆರಡು ಸೆಕೆಂಡ್ ಕರೆಂಟ್ ಹೋದರೂ ಪ್ಲೇಯರ್‌ಗಳು ಆಫ್ ಆಗುತ್ತವೆ. ಅವು ಮತ್ತೆ ಎದ್ದು, ಯುಎಸ್‌ಬಿ ಓದಿ, ಹಾಡು ಲೋಡ್ ಆಗುವಷ್ಟರಲ್ಲಿ ಮುಂದಿನ ಸಾಲಿನವರು ನೀರು ತರಲು ಹೋಗಿರುತ್ತಾರೆ.

ಬಯಲು ಕಾರ್ಯಕ್ರಮವಾದರೆ ಗಡಿಯಾರ ಇರುವುದು ಕಾನೂನಿನ ಕೈಯಲ್ಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ರಾತ್ರಿ 12ರವರೆಗೆ ಮಾತ್ರ, ಸಡಿಲಿಸಬಹುದು. ಆವರಣದ ಗಡಿಯಲ್ಲಿ ಶಬ್ದಕ್ಕೂ ಮಿತಿ ಇದೆ: ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದು. ಆದ್ದರಿಂದ ಸಡಿಲಿಕೆ ಇಲ್ಲದ ದಿನ ಬೆಂಗಳೂರಿನ ಬಯಲು ಫೆಸ್ಟಿವಲ್‌ನಲ್ಲಿ ಕೊನೆಯ ಸೆಟ್ 10ಕ್ಕೆ ನಿಲ್ಲಲೇಬೇಕು. ಮಧ್ಯಾಹ್ನದ ಬ್ಯಾಂಡಿನ ಸೌಂಡ್‌ಚೆಕ್ ಅರ್ಧ ಗಂಟೆ ತಡವಾಯಿತೆಂದರೆ ಆ ಅರ್ಧ ಗಂಟೆ ಬರುವುದು ಕೊನೆಯವರ ತಲೆಗೆ. 60 ನಿಮಿಷಕ್ಕೆಂದು ಸಿದ್ಧವಾದ ಸೆಟ್ಟನ್ನು 35 ನಿಮಿಷಕ್ಕೆ ಇಳಿಸಬೇಕಾದರೆ ಯಾವುದನ್ನು ಬಿಡುವುದು ಎಂದು ಹಿಂದಿನ ದಿನವೇ ಗುರುತು ಹಾಕಿಟ್ಟುಕೊಳ್ಳಿ. ಸಾಮಾನ್ಯವಾಗಿ ಬಿಡಬೇಕಾದ್ದು ನಿಧಾನದ ಆರಂಭವನ್ನು. ಕೊನೆಯನ್ನು ಬಿಟ್ಟರೆ ಸೆಟ್ ಮುಗಿದಂತೆಯೇ ಅನ್ನಿಸುವುದಿಲ್ಲ.

ಹಾಡುಗಳನ್ನು ಸಾರ್ವಜನಿಕವಾಗಿ ನುಡಿಸಲು ಬೇಕಾದ ಐಪಿಆರ್‌ಎಸ್, ಪಿಪಿಎಲ್ ಎಂಬ ಹಕ್ಕು ಸಂಸ್ಥೆಗಳ ಪರವಾನಗಿ ಪಡೆಯುವುದು ಆಯೋಜಕರ ಹೊಣೆ ಎಂದು ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಹಾಡುಗಳನ್ನು ಕೆಲಸದ ಪ್ರಕಾರ ಗುಂಪು ಮಾಡಿ

ಹೌಸ್, ಟೆಕ್ನೋ ಬಗೆಯಲ್ಲಿ ಒಂದು ಗಂಟೆಗೆ 14ರಿಂದ 18 ಟ್ರ್ಯಾಕ್ ಸಾಕು. ಸಿನಿಮಾ ಹಾಡುಗಳ ಸೆಟ್ಟಾದರೆ ಒಂದೊಂದು ಹಾಡು ಒಂದೂವರೆಯಿಂದ ಎರಡು ನಿಮಿಷ ಓಡುವುದರಿಂದ 30 ದಾಟುತ್ತದೆ. ನುಡಿಸುವುದಕ್ಕಿಂತ ಎರಡೂವರೆ ಪಟ್ಟು ಹಾಡು ಒಯ್ಯಿರಿ. ಅಂದರೆ ಟೆಕ್ನೋ ಸೆಟ್ಟಿಗೆ 40. ಎಲ್ಲವನ್ನೂ ಬಾಚಿಕೊಂಡು 400 ಹಾಡು ಒಯ್ದರೆ ವೇದಿಕೆಯ ಮೇಲೆ ಪಟ್ಟಿ ಉರುಳಿಸುವುದೇ ಕೆಲಸವಾಗುತ್ತದೆ, ತಲೆ ಎತ್ತಿ ಜನರನ್ನು ನೋಡಲು ಪುರುಸೊತ್ತು ಸಿಗುವುದಿಲ್ಲ.

ಪ್ಲೇಲಿಸ್ಟ್‌ಗಳನ್ನು ಹಾಡಿನ ಜಾತಿಯ ಪ್ರಕಾರ ಮಾಡಬೇಡಿ, ಅದು ಮಾಡುವ ಕೆಲಸದ ಪ್ರಕಾರ ಮಾಡಿ: ಆರಂಭ, ಏರಿಕೆ, ತುದಿ, ಉಸಿರಾಟ, ಕೊನೆ, ಆಪತ್ತು. ಆರಂಭಕ್ಕೆ 6, ಏರಿಕೆಗೆ 12, ತುದಿಗೆ 10, ಉಸಿರಾಟಕ್ಕೆ 4, ಕೊನೆಗೆ 4, ಉಳಿದದ್ದು ಆಪತ್ತಿಗೆ. ಆಪತ್ತಿನ ಪಟ್ಟಿಯಲ್ಲಿರಬೇಕಾದ್ದು ಎಲ್ಲರಿಗೂ ಗೊತ್ತಿರುವ, ಮೊದಲ ಬೀಟಿನಿಂದಲೇ ಹಿಡಿಯುವ, ಜೋಡಿಸಲು ಸುಲಭವಾದ ಹಾಡು. ಜನ ಚದುರುತ್ತಿದ್ದಾರೆ ಎನ್ನಿಸಿದಾಗ ಯೋಚಿಸುತ್ತ ಕೂರಲು ಟೈಮ್ ಇರುವುದಿಲ್ಲ.

ಪ್ರತಿ ಗುಂಪಿನೊಳಗೆ ಎರಡೆರಡು ಅಥವಾ ಮೂರು ಮೂರು ಹಾಡುಗಳ ಸರಣಿ ಮಾಡಿ ಮನೆಯಲ್ಲಿ ನುಡಿಸಿ ನೋಡಿ. ಈ ಸಣ್ಣ ಸರಣಿಗಳು ಬಾಯಿಪಾಠವಾಗಿರಲಿ. ಒಂದು ಸರಣಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಸ್ಥಳದಲ್ಲೇ ತೀರ್ಮಾನವಾಗಲಿ. ಪೂರ್ತಿ ಕ್ರಮವನ್ನು ಬಾಯಿಪಾಠ ಮಾಡಿದವರು ನಾಲ್ಕನೇ ಹಾಡಿಗೆ ಜನ ಸ್ಪಂದಿಸದಿದ್ದರೂ ಐದನೆಯದನ್ನೇ ಹಾಕುತ್ತಾರೆ.

ಸಂಜೆ 5ರ ಸೆಟ್ ನಿಮ್ಮದಾದರೆ ತುದಿಯ ಗುಂಪನ್ನು ಅರ್ಧಕ್ಕೆ ಇಳಿಸಿ. ಮುಖ್ಯ ಕಲಾವಿದರು ಬರುವುದು 8:30ಕ್ಕೆ. 130 ಬಿಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಬೀಟ್ ಎಂಬ ವೇಗದ ಲೆಕ್ಕ) ಜನರನ್ನು ಆಗಲೇ ಸುಸ್ತು ಮಾಡಿಟ್ಟರೆ ಆ ಕಲಾವಿದರಿಗೆ ಇನ್ನೂ ಮೇಲೇರಿಸಲು ಜಾಗವೇ ಇರುವುದಿಲ್ಲ. ಅವರದೇ ಹಿಟ್ ಹಾಡನ್ನು ಅವರಿಗಿಂತ ಮುಂಚೆ ನುಡಿಸುವುದಂತೂ ಅಪಚಾರ. ಸಂಜೆಗೆ 112ರಲ್ಲಿ ಶುರುಮಾಡಿ 122ರ ಆಸುಪಾಸಿನಲ್ಲಿ ಬಿಟ್ಟುಕೊಡುವುದು ಚೆನ್ನಾಗಿ ಕೂರುತ್ತದೆ.

ಫೈಲು, ಯುಎಸ್‌ಬಿ

ದೊಡ್ಡ ಸ್ಪೀಕರ್ ಕೆಟ್ಟ ಫೈಲನ್ನು ಕ್ಷಮಿಸುವುದಿಲ್ಲ. 128 ಕೆಬಿಪಿಎಸ್ ಎಂಪಿ3ಯಲ್ಲಿ 16 ಕಿಲೋಹರ್ಟ್ಸ್‌ನ ಮೇಲಿನದೆಲ್ಲ ಕತ್ತರಿಸಿ ಹೋಗಿರುತ್ತದೆ. ಇಯರ್‌ಫೋನಿನಲ್ಲಿ ತಿಳಿಯದ ಸಿಂಬಲ್ಲಿನ ಸದ್ದು ಮೈದಾನದಲ್ಲಿ ನೀರು ಸುರಿದಂತೆ ಕೇಳುತ್ತದೆ. ಸ್ಪೆಕ್‌ನಂಥ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ ಎಲ್ಲಿ ಕತ್ತರಿಸಿದೆ ಎಂಬುದು ಗೆರೆ ಎಳೆದಂತೆ ಕಾಣುತ್ತದೆ. ನಿಜವಾದ 320 ಕೆಬಿಪಿಎಸ್ ಫೈಲ್ 20 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ. ಯೂಟ್ಯೂಬಿನಿಂದ ಇಳಿಸಿ 320ಕ್ಕೆ ಬದಲಾಯಿಸಿದ ಫೈಲಿನ ಹೆಸರು ಏನೇ ಹೇಳಿದರೂ ಚಿತ್ರ ಸುಳ್ಳು ಹೇಳದು.

6 ನಿಮಿಷದ ಒಂದು ಟ್ರ್ಯಾಕ್ ಎಐಎಫ್‌ಎಫ್‌ನಲ್ಲಿ ಸುಮಾರು 63 ಎಂಬಿ, 320ರ ಎಂಪಿ3ಯಲ್ಲಿ ಸುಮಾರು 14 ಎಂಬಿ. 300 ಎಐಎಫ್‌ಎಫ್ ಟ್ರ್ಯಾಕ್‌ಗಳೂ 32 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಯುತ್ತವೆ. ಫ್ಲ್ಯಾಕ್ ಬೇಡ: ಸಿಡಿಜೆ-2000 ನೆಕ್ಸಸ್ 2 ಮತ್ತು ಸಿಡಿಜೆ-3000 ಅದನ್ನು ಓದುತ್ತವೆ, ಹಳೆಯ ನೆಕ್ಸಸ್ ಓದುವುದಿಲ್ಲ, ಮತ್ತು ವೇದಿಕೆಯ ಮೇಲೆ ಯಾವುದು ಇಟ್ಟಿರುತ್ತಾರೋ ಅಲ್ಲಿಗೆ ಹೋಗುವ ತನಕ ಖಾತ್ರಿಯಿಲ್ಲ. ಪೆನ್‌ಡ್ರೈವನ್ನು ಫ್ಯಾಟ್32ಗೇ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಡ್ರೈವನ್ನು ಈ ಪ್ಲೇಯರ್‌ಗಳು ಗುರುತಿಸುವುದೇ ಇಲ್ಲ, ಎಕ್ಸ್‌ಫ್ಯಾಟ್ ಬಹುತೇಕ ಮಾದರಿಗಳಲ್ಲಿ ನಡೆಯುವುದಿಲ್ಲ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಹೊಸ ಡ್ರೈವುಗಳು ಅಂಗಡಿಯಿಂದ ಬರುವುದು ಹೆಚ್ಚಾಗಿ ಎಕ್ಸ್‌ಫ್ಯಾಟ್‌ನಲ್ಲೇ.

ಒಂದೇ ಪಟ್ಟಿಯನ್ನು ಎರಡು ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ. ಒಂದು ಕೆಟ್ಟರೆ ಇರಲಿ ಎಂಬುದಷ್ಟೇ ಇದರ ಉದ್ದೇಶವಲ್ಲ. ಪ್ಲೇಯರ್‌ಗಳ ನಡುವಿನ ಲಿಂಕ್ ಕೇಬಲ್ ಸಡಿಲವಾಗಿದ್ದರೆ ಒಂದು ಡ್ರೈವಿನಿಂದ ಎರಡೂ ಡೆಕ್‌ಗೆ ಹಾಡು ಹೋಗುವುದಿಲ್ಲ. ಆಗ ಒಂದೊಂದು ಡೆಕ್‌ಗೆ ಒಂದೊಂದು ಡ್ರೈವ್ ಚುಚ್ಚಿ ಸೆಟ್ ಮುಗಿಸಬಹುದು.

ಗ್ರಿಡ್, ಕ್ಯೂ, ಶ್ರುತಿ

ಹೊಸ ಎಲೆಕ್ಟ್ರಾನಿಕ್ ಟ್ರ್ಯಾಕ್‌ಗಳಿಗೆ ರೆಕಾರ್ಡ್‌ಬಾಕ್ಸ್ ಹಾಕುವ ಗ್ರಿಡ್ (ಬೀಟ್ ಬೀಳುವ ಜಾಗಗಳ ಗುರುತು) ಬಹುತೇಕ ಸರಿಯಿರುತ್ತದೆ. ನೋಡಬೇಕಾದ್ದು ಬಾರಿನ (ನಾಲ್ಕು ಬೀಟಿನ ಒಂದು ಸುತ್ತು) ಮೊದಲ ಬೀಟ್ ನಿಜವಾಗಿ ಮೊದಲನೆಯದೇ ಎಂಬುದನ್ನು ಮಾತ್ರ. ಬಟನ್ ಒತ್ತಿದರೆ ಹಾಡಿನಲ್ಲಿ ಗುರುತು ಹಾಕಿದ ಜಾಗಕ್ಕೆ ಹಾರುವ ಹಾಟ್ ಕ್ಯೂಗಳಿಗೆ ಎಲ್ಲ ಹಾಡಿನಲ್ಲೂ ಒಂದೇ ಅರ್ಥ ಇಟ್ಟುಕೊಳ್ಳಿ: ಎ ಎಂದರೆ ಮೊದಲ ಬೀಟ್, ಬಿ ಎಂದರೆ ಗಾಯನ ಅಥವಾ ಮುಖ್ಯ ಭಾಗ, ಸಿ ಎಂದರೆ ಹೊರಬೀಳುವ ಜಾಗ. ಹಳೆಯ ಮಾದರಿಗಳಲ್ಲಿ ಮೂರೇ ಬಟನ್ ಇರುವುದರಿಂದ ಅತಿ ಮುಖ್ಯವಾದವು ಈ ಮೂರರಲ್ಲೇ ಇರಲಿ. ಹಾಡಿನ ಕೊನೆಯಲ್ಲಿ ಗಾಯನವಿಲ್ಲದ ಒಂದು ಕಡೆ 4 ಬಾರಿನ ಲೂಪ್ ಸೇವ್ ಮಾಡಿ. ಮುಂದಿನ ಹಾಡು ಇನ್ನೂ ಸಿಕ್ಕಿಲ್ಲದಾಗ ಅದೇ ನಿಮ್ಮ ಉಸಿರು.

ಕೈಗೆ ಸಮಯದ ಅಂದಾಜು ಬರಬೇಕು. 128 ಬಿಪಿಎಂನಲ್ಲಿ 8 ಬಾರ್ ಎಂದರೆ ಸರಿಯಾಗಿ 15 ಸೆಕೆಂಡ್, 16 ಬಾರ್ 30 ಸೆಕೆಂಡ್, 32 ಬಾರ್ ಒಂದು ನಿಮಿಷ. 16 ಬಾರಿನ ಜೋಡಣೆ ಎಂದರೆ ಅರ್ಧ ನಿಮಿಷ ಎರಡು ಹಾಡು ಒಟ್ಟಿಗೆ ಓಡುತ್ತವೆ. ಆ ಅರ್ಧ ನಿಮಿಷದಲ್ಲಿ ಎರಡೂ ಕಡೆ ಹಾಡುಗಾರಿಕೆ ಬರದಂತೆ ಕ್ಯೂ ಇಟ್ಟಿರಬೇಕು.

ಶ್ರುತಿಗೆ ಹೆಚ್ಚಿನವರು ಬಳಸುವುದು ಪ್ರತಿ ಶ್ರುತಿಗೂ 1ರಿಂದ 12ರ ಒಂದು ಸಂಖ್ಯೆ, ಎ ಅಥವಾ ಬಿ ಅಕ್ಷರ ಕೊಡುವ ಕ್ಯಾಮೆಲಾಟ್ ಚಕ್ರವನ್ನು. 8ಎ ಹಾಡಿನಿಂದ 7ಎ, 9ಎ, 8ಬಿ ಮೂರಕ್ಕೂ ಹೋಗಬಹುದು. 7 ಮನೆ ಮುಂದೆ ಹೋದರೆ, ಅಂದರೆ 8ಎಯಿಂದ 3ಎಗೆ, ಶ್ರುತಿ ಅರ್ಧ ಸ್ವರ ಏರುತ್ತದೆ. ಒಂದು ಸೆಟ್ಟಿನಲ್ಲಿ ಒಂದೋ ಎರಡೋ ಸಲ ಮಾಡಿದರೆ ಜನ ಎಚ್ಚರವಾಗುತ್ತಾರೆ. ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಹಾಕದೆ ವೇಗವನ್ನು ಸುಮಾರು 6 ಶೇಕಡ ಹೆಚ್ಚಿಸಿದರೂ ಅಷ್ಟೇ ಏರುತ್ತದೆ, ಚಕ್ರದ ಲೆಕ್ಕ ತಪ್ಪುವುದು ಇಲ್ಲೇ. ಹೇಗೂ ಚಕ್ರ ಸಹಾಯಕ, ಯಜಮಾನನಲ್ಲ. ತಾಳವಾದ್ಯವೊಂದೇ ಇರುವ ಜಾಗದಲ್ಲಿ ಜೋಡಿಸಿದರೆ ಯಾವ ಶ್ರುತಿಯಿಂದ ಯಾವ ಶ್ರುತಿಗಾದರೂ ಹೋಗಬಹುದು.

ಹಳೆಯ ಕನ್ನಡ ಹಾಡನ್ನು ಸೆಟ್ಟಿಗೆ ತರುವುದು

ಹೆಚ್ಚು ಕೆಲಸ ಬೀಳುವುದು ಇಲ್ಲೇ, ಹೆಚ್ಚು ಎಡವುವುದೂ ಇಲ್ಲೇ. 60, 70ರ ದಶಕದ ಚಿತ್ರಗೀತೆಗಳನ್ನು ವಾದ್ಯವೃಂದವೆಲ್ಲ ಒಟ್ಟಿಗೆ ಕೂತು ನುಡಿಸಿ ರೆಕಾರ್ಡ್ ಮಾಡುತ್ತಿದ್ದರು, ವೇಗ ಹಿಡಿದಿಡುವ ಕ್ಲಿಕ್ ಟ್ರ್ಯಾಕ್ ಇರಲಿಲ್ಲ. ಪಲ್ಲವಿಯಲ್ಲಿ 104 ಬಿಪಿಎಂ ಇದ್ದದ್ದು ಎರಡನೇ ಚರಣದ ಹೊತ್ತಿಗೆ 108 ಆಗಿರಬಹುದು. ಕೇಳಲು ಅದೇ ಅದರ ಜೀವ. ಜೋಡಿಸಲು ಅದೇ ತೊಂದರೆ. 104ರಲ್ಲಿ ಒಂದು ಬೀಟ್ 577 ಮಿಲಿಸೆಕೆಂಡ್, 106ರಲ್ಲಿ 566. ವ್ಯತ್ಯಾಸ ಬರೀ 11, ಆದರೆ 8 ಬಾರ್ ಅಂದರೆ 32 ಬೀಟ್ ಕಳೆಯುವಷ್ಟರಲ್ಲಿ ಅದು 350ರ ಹತ್ತಿರ ಬಂದು ಅರ್ಧ ಬೀಟಿಗಿಂತ ಹೆಚ್ಚು ಜಾರಿರುತ್ತದೆ. ಬೀಟನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಒತ್ತಿದವರಿಗೆ ಇದು ಯಾಕೆ ಹೀಗಾಯಿತೆಂದೇ ತಿಳಿಯುವುದಿಲ್ಲ.

ರೆಕಾರ್ಡ್‌ಬಾಕ್ಸಿನ ಡೈನಾಮಿಕ್ ವಿಶ್ಲೇಷಣೆ ಗ್ರಿಡ್ಡನ್ನು ಹಾಡಿನ ಜೊತೆ ಬಾಗಿಸುತ್ತದೆ, ಸಣ್ಣಪುಟ್ಟ ಜಾರುವಿಕೆಗೆ ಅದು ಸಾಕು. ಫೆಸ್ಟಿವಲ್‌ಗೆ ಒಯ್ಯುವ ಹಾಡಾದರೆ ಒಂದು ಎಡಿಟ್ ಮಾಡಿಕೊಳ್ಳುವುದೇ ಒಳ್ಳೆಯದು. ಏಬಲ್ಟನ್ ಲೈವ್ ಎಂಬ ಸಂಗೀತ ತಂತ್ರಾಂಶದಲ್ಲಿ ಮಾಡುವ ಬಗೆ ಹೀಗೆ:

1. ಹಾಡನ್ನು ತೆರೆದು ಮೊದಲ ಸ್ಪಷ್ಟ ತಾಳದ ಪೆಟ್ಟನ್ನು ಹುಡುಕಿ. ಆಲಾಪನೆ, ವಯಲಿನ್ ಮುನ್ನುಡಿ ಇದ್ದರೆ ಅದನ್ನು ಎಣಿಕೆಗೆ ತರಬೇಡಿ. ಆ ಪೆಟ್ಟಿನಿಂದ ವಾರ್ಪ್ (ಹಾಡನ್ನು ಎಳೆದು ತಾಳಕ್ಕೆ ಕೂರಿಸುವುದು) ಶುರುಮಾಡಿ.

2. ಪ್ರತಿ 4 ಬಾರ್‌ಗೊಂದು ವಾರ್ಪ್ ಮಾರ್ಕರ್ ಹಾಕುತ್ತ ಹೋಗಿ. ಪ್ರತಿ ಬೀಟಿಗೂ ಹಾಕಿದರೆ ತಬಲಾದ ನಡೆ ಸತ್ತು ಯಂತ್ರದಂತೆ ಕೇಳುತ್ತದೆ; 8 ಬಾರ್‌ಗೊಂದು ಹಾಕಿದರೆ ನಡುವೆ ಜಾರುತ್ತದೆ.

3. ಸರಾಸರಿ ವೇಗಕ್ಕೆ ನಿಲ್ಲಿಸಿ. 104ರಿಂದ 108ರ ನಡುವೆ ಓಡುವ ಹಾಡನ್ನು 106ಕ್ಕೆ. ಒಮ್ಮೆಗೇ 120ಕ್ಕೆ ಎಳೆದರೆ ಗಾಯಕರ ಗಮಕಗಳು ಗಿಣಿಯ ಮಾತಾಗುತ್ತವೆ. ಮೋಡ್ ಕಾಂಪ್ಲೆಕ್ಸ್ ಪ್ರೊ ಇರಲಿ.

4. ಮುಂದೆ 8 ಬಾರ್, ಹಿಂದೆ 8 ಬಾರ್ ಬರೀ ತಾಳವಾದ್ಯ ಸೇರಿಸಿ. 106ರಲ್ಲಿ 8 ಬಾರ್ ಎಂದರೆ 18 ಸೆಕೆಂಡ್, ಒಳಬರಲು ಹೊರಹೋಗಲು ಸಾಕು.

5. 24 ಬಿಟ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ರೆಕಾರ್ಡ್‌ಬಾಕ್ಸಿನಲ್ಲಿ ಮತ್ತೆ ವಿಶ್ಲೇಷಿಸಿ, ಹೆಸರಿನ ಮುಂದೆ ಎಡಿಟ್ ಎಂದು ಬರೆಯಿರಿ.

ಎರಡನೇ ತೊಂದರೆ ತಗ್ಗು ಸ್ವರದ್ದು. ಆ ಕಾಲದ ಮುದ್ರಣಗಳಲ್ಲಿ ಸಬ್‌ವೂಫರ್ ನುಡಿಸುವ ಭಾಗ ಹೆಚ್ಚೂಕಡಿಮೆ ಇರುವುದೇ ಇಲ್ಲ. ಇಂದಿನ ಟ್ರ್ಯಾಕ್ ಮುಗಿದು ಹಳೆಯ ಹಾಡು ಬಂದರೆ ಮೈದಾನದ ನೆಲವೇ ಖಾಲಿಯಾದಂತೆ ಆಗುತ್ತದೆ. ಆಗ ಬೇಸ್ ನಾಬನ್ನು ತಿರುವಿ ಏರಿಸಿದರೆ ಬರುವುದು ಬೇಸ್ ಅಲ್ಲ, ಗುಂಯ್‌ಗುಡುವಿಕೆ, ಇಲ್ಲದ್ದನ್ನು ಏರಿಸಲಾಗದು. ಎಡಿಟ್ ಮಾಡುವಾಗಲೇ ಮೆಲ್ಲಗೆ ಒಂದು ಕಿಕ್ (ಡ್ರಮ್ಮಿನ ತಗ್ಗು ಪೆಟ್ಟು), ಹಾಡಿನ ಶ್ರುತಿಯ ಷಡ್ಜ ಹಿಡಿದ ಒಂದು ಸಾದಾ ಬೇಸ್ ಕೆಳಗೆ ಸೇರಿಸಿ. ಕಿಕ್ ಹಾಡಿಗಿಂತ ಮುಂದೆ ಬರಬಾರದು. ಇನ್ನೊಂದು ದಾರಿಯೂ ಇದೆ: ಹಿಂದಿನ ಟ್ರ್ಯಾಕಿನ ಬೇಸನ್ನು ಕೊನೆಯ 16 ಬಾರಿನಲ್ಲಿ ಕತ್ತರಿಸಿಟ್ಟು ಕಿವಿಯನ್ನು ಮೊದಲೇ ಹಗುರ ಮಾಡುವುದು. ಮೋನೋ ಮುದ್ರಣ ಎಂದು ಹೆದರಬೇಕಿಲ್ಲ. ಮೈದಾನದ ಎಡತುದಿಯಲ್ಲಿ ನಿಂತವನಿಗೆ ಸ್ಟೀರಿಯೋ ಹೇಗೂ ಸಿಗದು, ಅವನ ಪಾಲಿಗೆ ಮೋನೋನೇ ಉತ್ತಮ.

ಮೂರನೆಯದು ತಿಶ್ರ ನಡೆ, ಅಂದರೆ ಮೂರರ ಲೆಕ್ಕ. ಜಾತ್ರೆ, ಮೆರವಣಿಗೆಯ ತಮಟೆ ಪೆಟ್ಟಿನ ಮೇಲೆ ಕಟ್ಟಿದ ಸಿನಿಮಾ ಹಾಡುಗಳು ಹೆಚ್ಚಾಗಿ ಸಿಕ್ಸ್-ಏಟ್. ತಂತ್ರಾಂಶ ಎಲ್ಲವನ್ನೂ ನಾಲ್ಕರ ಲೆಕ್ಕದಲ್ಲೇ ನೋಡುವುದರಿಂದ, ಕಾಲು 120ರಲ್ಲಿ ಕುಣಿಯುವ ಹಾಡನ್ನು 180 ಅಥವಾ 90 ಎಂದು ತೋರಿಸುತ್ತದೆ. 180 ತೋರಿಸಿದರೆ ಮೂರರಲ್ಲಿ ಎರಡು ಪಾಲು ಮಾಡಿ, 90 ತೋರಿಸಿದರೆ ಮೂರನೇ ಒಂದು ಪಾಲು ಕೂಡಿಸಿ. ಎರಡೂ 120ಕ್ಕೆ ಬರುತ್ತವೆ. ಕಾಲು ತಟ್ಟಿ ನೋಡಿ, ಗ್ರಿಡ್ಡಿನಲ್ಲಿ ಸಂಖ್ಯೆಯನ್ನು ಕೈಯಿಂದಲೇ ಹಾಕಿ. ವೇಗ ಹೊಂದಿದರೂ ನಡೆ ಹೊಂದುವುದಿಲ್ಲ: ಒಂದು ಬೀಟಿನೊಳಗೆ ತಮಟೆ ಮೂರು ಭಾಗ ಮಾಡುತ್ತದೆ, ಹೌಸ್ ಟ್ರ್ಯಾಕಿನ ಹೈಹ್ಯಾಟ್ ನಾಲ್ಕು. ಎರಡೂ ಒಟ್ಟಿಗೆ ಕೇಳಿದರೆ ಎಡವಿದಂತೆ ಇರುತ್ತದೆ. ಹೊರಹೋಗುವ ಟ್ರ್ಯಾಕಿನ ಎತ್ತರದ ಸ್ವರಗಳ ಈಕ್ಯೂ ಪೂರ್ತಿ ಇಳಿಸಿ ಕಿಕ್ ಮಾತ್ರ ಉಳಿಸಿಕೊಂಡು, ಅದರ ಮೇಲೆ ತಮಟೆ ಬಿಡಿ. 4 ಬಾರ್ ಸಾಕು, ಆಮೇಲೆ ಕಿಕ್ ಕಟ್ ಮಾಡಿ. ಉದ್ದದ ಜೋಡಣೆಯ ಆಸೆ ಇಲ್ಲಿ ಬೇಡ.

ಬೆಂಗಳೂರಿನ ಮಿಶ್ರ ಜನಸಂದಣಿಗೆ ಕನ್ನಡ ಹಾಡು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಕೊನೆಯ ಹತ್ತು ನಿಮಿಷ. ಅದು ಶಾಸ್ತ್ರಕ್ಕೆ ಮಾಡಿದಂತೆ ಕಾಣುತ್ತದೆ. 15ನೇ ನಿಮಿಷದಲ್ಲಿ ಒಂದು ಒಳ್ಳೆ ಎಡಿಟ್ ಬಂದರೆ ಉಳಿದ ಸೆಟ್ಟಿಗೂ ಅದೇ ಬಣ್ಣ ಹತ್ತುತ್ತದೆ, ಭಾಷೆ ಬಾರದವರೂ ಅಷ್ಟು ಹೊತ್ತಿಗೆ ಕುಣಿಯುವ ಮನಸ್ಸು ಮಾಡಿರುತ್ತಾರೆ.

ವೇದಿಕೆ ಏರಿದ ಮೊದಲ ಐದು ನಿಮಿಷ

ಸೆಟ್ಟಿಗೆ 20 ನಿಮಿಷ ಮುಂಚೆ ಡೆಕ್ಕಿನ ಪಕ್ಕದಲ್ಲಿರಿ. ಹಿಂದಿನ ಡಿಜೆಯ ಕೊನೆಯ ಹಾಡು ಓಡುತ್ತಿರುವಾಗ ಅವರ ಯುಎಸ್‌ಬಿಗೆ ಕೈ ಹಾಕಬೇಡಿ. ಒಂದನೇ ಪ್ಲೇಯರಿಗೆ ಚುಚ್ಚಿದ ಡ್ರೈವಿನಿಂದ ಲಿಂಕ್ ಮೂಲಕ ಎರಡನೇ ಪ್ಲೇಯರಿನಲ್ಲಿ ಹಾಡು ಓಡುತ್ತಿರಬಹುದು. ಕಿತ್ತರೆ ಅದು ಸಣ್ಣ ತುರ್ತು ಲೂಪಿಗೆ ಬಿದ್ದು ಅಲ್ಲೇ ಸುತ್ತುತ್ತದೆ. ನಿಮ್ಮ ಡ್ರೈವನ್ನು ಖಾಲಿಯಿರುವ ಪ್ಲೇಯರಿಗೆ ಹಾಕಿ, ಅವರ ಹಾಡು ಪೂರ್ತಿ ಹೊರಬಂದ ಮೇಲೆ ಅವರ ಡ್ರೈವ್ ತೆಗೆಯಿರಿ, ಅದೂ ಸ್ಟಾಪ್ ಬಟನ್ ಒತ್ತಿ ಹಿಡಿದು ದೀಪ ಆರಿದ ನಂತರ.

ಆಮೇಲೆ ಮಿಕ್ಸರನ್ನು ಎಡದಿಂದ ಬಲಕ್ಕೆ ಒಮ್ಮೆ ಕಣ್ಣಾಡಿಸಿ. ಹಿಂದಿನವರು ಬಿಟ್ಟುಹೋದ ಸೆಟ್ಟಿಂಗ್‌ಗಳೇ ಮೊದಲ ಹಾಡನ್ನು ಹಾಳುಮಾಡುವುದು ಹೆಚ್ಚು. ಫಿಲ್ಟರ್ ನಾಬ್ ನಡುವಿಗೆ ಬಂದಿದೆಯೇ? ಸ್ವಲ್ಪ ಆಚೀಚೆ ಇದ್ದರೂ ಬೇಸ್ ಮಾಯ. ಬೀಟ್ ಎಫೆಕ್ಟ್ ಆಫ್ ಆಗಿದೆಯೇ? ಚಾನೆಲ್‌ಗಳು ಕ್ರಾಸ್‌ಫೇಡರಿಗೆ ಹೊಂದಿಕೊಂಡಿವೆಯೇ? ನೀವು ಕ್ರಾಸ್‌ಫೇಡರ್ ಬಳಸದವರಾದರೆ ಎಲ್ಲವನ್ನೂ ತ್ರೂಗೆ ಹಾಕಿ, ಇಲ್ಲವಾದರೆ ಫೇಡರ್ ಏರಿಸಿದರೂ ಸದ್ದು ಬರದೆ ಬೆವರುತ್ತೀರಿ. ಪ್ಲೇಯರಿನಲ್ಲಿ ಟೆಂಪೋ ರೇಂಜ್, ಕೀ ಲಾಕ್, ಸಿಂಕ್, ಕ್ವಾಂಟೈಜ್ ನಾಲ್ಕನ್ನೂ ನೋಡಿ. ಟೆಂಪೋ ರೇಂಜ್ ವೈಡ್‌ನಲ್ಲಿದ್ದರೆ ಫೇಡರನ್ನು ಕೂದಲೆಳೆಯಷ್ಟು ಸರಿಸಿದರೂ ಹಾಡು ಹಾರಿಹೋಗುತ್ತದೆ. ಈ ಪ್ಲೇಯರ್ ಸೆಟ್ಟಿಂಗ್‌ಗಳನ್ನು ರೆಕಾರ್ಡ್‌ಬಾಕ್ಸಿನಲ್ಲಿ ಮೊದಲೇ ಸೇವ್ ಮಾಡಿಟ್ಟರೆ ಪೆನ್‌ಡ್ರೈವಿನಿಂದ ಒಮ್ಮೆಗೇ ಲೋಡ್ ಆಗುತ್ತವೆ. ಮಿಕ್ಸರಿನ ನಾಬ್‌ಗಳು ಮಾತ್ರ ಕೈಯಿಂದಲೇ ಸರಿಮಾಡಬೇಕಾದವು.

ಜೋಡಣೆಯನ್ನು ಕೇಳಬೇಕಾದ್ದು ಬೂತ್ ಮಾನಿಟರಿನಲ್ಲಿ, ಮುಖ್ಯ ಸ್ಪೀಕರಿನಲ್ಲಿ ಅಲ್ಲ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಸ್ಪೀಕರ್ ನಿಮ್ಮಿಂದ 12 ಮೀಟರ್ ಮುಂದಿದ್ದರೆ ಸದ್ದು 35 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಹೆಡ್‌ಫೋನಿನ ಹಾಡನ್ನು ಆ ತಡವಾದ ಸದ್ದಿಗೆ ಹೊಂದಿಸಿದರೆ ಮೈದಾನದಲ್ಲಿ ನಿಂತವರಿಗೆ ಎರಡು ಕಿಕ್ ಅಷ್ಟೇ ಅಂತರದಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ಬೂತ್ ಮಾನಿಟರ್ ಸತ್ತಿದ್ದರೆ ಎರಡೂ ಚಾನೆಲ್ಲನ್ನು ಹೆಡ್‌ಫೋನಿನಲ್ಲೇ ಕೇಳಿ ಜೋಡಿಸಿ, ಜೋಡಿಸುವಾಗ ಹೊರಗಿನ ಸದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಟ್ರಿಮ್ (ಚಾನೆಲ್ಲಿಗೆ ಒಳಬರುವ ಸದ್ದಿನ ಮಟ್ಟ) ಹೊಂದಿಸುವುದು ಹಾಡಿನ ಅತಿ ಜೋರಾದ ಭಾಗಕ್ಕೆ, ಮುನ್ನುಡಿಗಲ್ಲ. ಮೀಟರ್ ಹಸಿರು ದಾಟಿ ಮೊದಲ ಕಿತ್ತಳೆಗೆ ಬಂದರೆ ಸಾಕು. ಕೆಂಪು ಕಂಡರೆ ಸದ್ದು ಹೆಚ್ಚುವುದಿಲ್ಲ, ಸೌಂಡ್ ಎಂಜಿನಿಯರ್ ಹಾಕಿಟ್ಟ ಲಿಮಿಟರ್ ಅದನ್ನು ಹಿಸುಕುತ್ತದೆ, ಒಡೆದ ಸದ್ದು ಮಾತ್ರ ಉಳಿಯುತ್ತದೆ. ಎರಡು ಕಿಕ್ ಸರಿಯಾಗಿ ಒಂದರ ಮೇಲೊಂದು ಕೂತರೆ ಮಟ್ಟ 6 ಡೆಸಿಬಲ್‌ವರೆಗೂ ಏರುತ್ತದೆ. ಅದಕ್ಕೇ ಒಳಬರುವ ಹಾಡಿನ ಬೇಸ್ ಇಳಿಸಿಟ್ಟು, ಬಾರಿನ ಮೊದಲ ಬೀಟಿನಲ್ಲಿ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು. ಸದ್ದು ಕಡಿಮೆ ಎನ್ನಿಸಿದರೆ ಎಂಜಿನಿಯರ್‌ಗೆ ಸನ್ನೆ ಮಾಡಿ, ಮಾಸ್ಟರ್ ನಾಬ್ ಮುಟ್ಟಬೇಡಿ.

ಬಿಸಿಲಿನ ಸೆಟ್ಟಾದರೆ ಡೆಕ್‌ಗಳ ಮೇಲೆ ನೆರಳು ಬೇಕೆಂದು ಮೊದಲೇ ಹೇಳಿ. ಈ ಯಂತ್ರಗಳ ಕೈಪಿಡಿ ಹೇಳುವ ಕೆಲಸದ ಉಷ್ಣಾಂಶ 5ರಿಂದ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಕಪ್ಪು ಲೋಹ ಅದನ್ನು ಸುಲಭವಾಗಿ ದಾಟುತ್ತದೆ. ಕಿವಿಗೂ ಮಿತಿ ಇದೆ: 100 ಡೆಸಿಬಲ್‌ನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಸುರಕ್ಷಿತವಲ್ಲ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯಾಷ್‌ನ ಲೆಕ್ಕ. ಸಂಗೀತಗಾರರ ಇಯರ್‌ಪ್ಲಗ್ ಹಾಕಿ, ಬೂತ್ ಮಾನಿಟರನ್ನು ಜೋಡಿಸುವಾಗ ಮಾತ್ರ ಏರಿಸಿ.

ಇನ್ನು ಮಿಕ್ಸ್

ಮಿಕ್ಸಿಗೆ ಮೊದಲು ಬೇಕಾದ್ದು ವಿಷಯ, ಅದೂ ಸಣ್ಣ ವಿಷಯ. "ನನಗಿಷ್ಟವಾದ ಹಾಡುಗಳು" ಎಂಬುದು ವಿಷಯವಲ್ಲ. "80ರ ದಶಕದ ಕನ್ನಡ ಸಿನಿಮಾ ಹಾಡುಗಳ ಡಿಸ್ಕೋ ಬೇಸ್" ಎಂದರೆ ಹಾಡು ಹುಡುಕಲು ಒಂದು ಅಂಚು ಸಿಗುತ್ತದೆ, ಬಿಡಲು ಒಂದು ಕಾರಣ ಸಿಗುತ್ತದೆ. ಬಿಬಿಸಿ ರೇಡಿಯೋ 1ರಲ್ಲಿ 1993ರಿಂದ ಬರುತ್ತಿರುವ ಎರಡು ಗಂಟೆಯ ಎಸೆನ್ಷಿಯಲ್ ಮಿಕ್ಸ್, 1995ರಲ್ಲಿ ಶುರುವಾದ ಡಿಜೆ-ಕಿಕ್ಸ್ ಸರಣಿ, ಇವುಗಳಲ್ಲಿ ಒಂದನ್ನು ಪೆನ್ನು ಕಾಗದ ಹಿಡಿದು ಕೇಳಿ, ಪ್ರತಿ ಹಾಡು ಯಾವ ನಿಮಿಷಕ್ಕೆ ಬಂತು, ಹೇಗೆ ಬಂತು ಎಂದು ಬರೆದುಕೊಳ್ಳಿ. ಹತ್ತು ಪಾಠ ಓದುವುದಕ್ಕಿಂತ ಇದು ಮೇಲು.

60 ನಿಮಿಷಕ್ಕೆ 12ರಿಂದ 20 ಹಾಡು. ಮೊದಲ ಹಾಡನ್ನೂ ಕೊನೆಯ ಹಾಡನ್ನೂ ಮೊದಲು ಗೊತ್ತುಮಾಡಿ. ಆಮೇಲೆ ಸುಮಾರು 40ನೇ ನಿಮಿಷದಲ್ಲಿ ಬರಬೇಕಾದ ಎತ್ತರದ ಹಾಡನ್ನು ಇಡಿ, ಉಳಿದದ್ದನ್ನು ನಡುವೆ ತುಂಬಿ. ಒಂದೇ ಗಾಯಕರ ಎರಡು ಹಾಡು ಪಕ್ಕಪಕ್ಕ ಬೇಡ. ಫೆಸ್ಟಿವಲ್‌ನಲ್ಲಿ ಕೆಲಸ ಮಾಡುವ ಏರ್‌ಹಾರ್ನ್, ಮೈಕಿನ ಕೂಗು, 8 ಸೆಕೆಂಡಿನ ಎಕೋ ಇಲ್ಲಿ ಮೂರನೇ ಸಲ ಕೇಳುವಾಗ ಕಿರಿಕಿರಿ. ಹಾಡನ್ನು ಉಸಿರಾಡಲು ಬಿಡಿ. ನಾಲ್ಕು ನಿಮಿಷದ ಹಾಡು ಚೆನ್ನಾಗಿದ್ದರೆ ನಾಲ್ಕೂ ನಿಮಿಷ ಇರಲಿ.

ರೆಕಾರ್ಡಿಂಗಿಗೆ ಮಿಕ್ಸರಿನ ರೆಕ್ ಔಟ್ ಬಳಸಿ. ಮಾಸ್ಟರ್ ನಾಬ್ ಏರಿಳಿಸಿದರೂ ಅದರ ಮಟ್ಟ ಬದಲಾಗುವುದಿಲ್ಲ. ರೆಕಾರ್ಡರಿನಲ್ಲಿ ಅತಿ ಜೋರಾದ ಜಾಗ ಮೈನಸ್ 6 ಡೆಸಿಬಲ್ ಸುತ್ತ ಇರಲಿ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾದರೆ ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು. ಒಂದು ಜೋಡಣೆ ಕೆಟ್ಟರೆ ಪೂರ್ತಿ ಮತ್ತೆ ನುಡಿಸಬೇಕಿಲ್ಲ. ಹಿಂದಿನ ಹಾಡಿನ ನಡುವಿನಿಂದ ಮತ್ತೆ ಶುರುಮಾಡಿ, ಅದೇ ಟ್ರಿಮ್, ಅದೇ ಬಿಪಿಎಂ ಇಟ್ಟುಕೊಂಡು ನುಡಿಸಿ, ಆಡಾಸಿಟಿ ಅಥವಾ ರೀಪರ್‌ನಲ್ಲಿ ಕಿಕ್ ಬೀಳುವ ಜಾಗದಲ್ಲಿ ಕತ್ತರಿಸಿ ಅಂಟಿಸಿ. ಇದನ್ನು ಮೋಸ ಎನ್ನುವವರಿದ್ದಾರೆ. ವೇದಿಕೆಯಲ್ಲಾದರೆ ಒಪ್ಪಬಹುದು; ಮಿಕ್ಸಿನಲ್ಲಿ ಕೇಳುವವರಿಗೆ ಸಲ್ಲಬೇಕಾದ್ದು ನಯವಾದ ಒಂದು ಗಂಟೆ.

ಕೊನೆಗೆ ಒಟ್ಟು ಮಟ್ಟ. ಯೂಟ್ಯೂಬ್, ಸ್ಪಾಟಿಫೈ ಎರಡೂ ಸುಮಾರು ಮೈನಸ್ 14 ಲಫ್ಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಸದ್ದನ್ನು ಇಳಿಸುತ್ತವೆ. ಅದಕ್ಕಿಂತ ಜೋರು ಮಾಡಿ ಹಿಸುಕಿದರೆ ಸಿಗುವುದೇನೂ ಇಲ್ಲ, ಏರಿಳಿತ ಹೋಗುತ್ತದೆ ಅಷ್ಟೆ. ಲಿಮಿಟರಿನ ಮೇಲ್ಮಿತಿ ಮೈನಸ್ 1 ಡೆಸಿಬಲ್‌ಗೆ ಇಡಿ. ಆಮೇಲೆ ಒಂದು ದಿನ ಬಿಟ್ಟು ಬಸ್ಸಿನಲ್ಲೋ ನಡೆಯುವಾಗಲೋ ಅಗ್ಗದ ಇಯರ್‌ಫೋನಿನಲ್ಲಿ ಪೂರ್ತಿ ಕೇಳಿ. ಕೈ ವಾಲ್ಯೂಮ್ ಬಟನ್ ಕಡೆ ಹೋದ ನಿಮಿಷಗಳನ್ನು ಬರೆದುಕೊಳ್ಳಿ, ತಿದ್ದಬೇಕಾದ್ದು ಅಲ್ಲೇ.

ಹಾಡುಪಟ್ಟಿಯನ್ನು ಸಮಯದ ಸಮೇತ ಕೊಡಿ. ಹಳೆಯ ಚಿತ್ರಗೀತೆಯಾದರೆ ಗಾಯಕರು, ಸಂಗೀತ ನಿರ್ದೇಶಕರು, ಗೀತರಚನಕಾರರು, ಚಿತ್ರ, ವರ್ಷ ಐದೂ ಇರಲಿ. ಎಡಿಟ್ ನಿಮ್ಮದಾದರೆ ಹಾಗೆಂದು ಬೇರೆಯಾಗಿ ಬರೆಯಿರಿ. ಎಲ್ಲಿ ಹಾಕುವುದು ಎಂಬುದನ್ನು ಹಕ್ಕಿನ ಲೆಕ್ಕ ನೋಡಿ ತೀರ್ಮಾನಿಸಿ. ಮಿಕ್ಸ್‌ಕ್ಲೌಡ್ ಡಿಜೆ ಮಿಕ್ಸ್‌ಗಳಿಗೆಂದೇ ಪರವಾನಗಿ ಮಾಡಿಕೊಂಡಿರುವ ತಾಣ, ಆದರೆ ಒಂದೇ ಕಲಾವಿದರ ಅಥವಾ ಒಂದೇ ಆಲ್ಬಮ್ಮಿನ ಹಾಡು ಹೆಚ್ಚಾದರೆ ಕೆಲವು ದೇಶಗಳಲ್ಲಿ ಕೇಳಲು ಅಡ್ಡಿ ಬರಬಹುದು. ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಒಂದೊಂದು ಹಾಡನ್ನೂ ಗುರುತಿಸುತ್ತದೆ: ಕೆಲವು ಹಕ್ಕುದಾರರು ಜಾಹೀರಾತಿನ ಹಣ ತೆಗೆದುಕೊಂಡು ಸುಮ್ಮನಾಗುತ್ತಾರೆ, ಕೆಲವರು ಇಡೀ ವೀಡಿಯೊ ತಡೆಯುತ್ತಾರೆ. ಮೊದಲು ಖಾಸಗಿಯಾಗಿ ಅಪ್‌ಲೋಡ್ ಮಾಡಿ ಒಂದು ದಿನ ಕಾದು ನೋಡಿ. ಒಂದು ಹಾಡಿಗೆ ಮಾತ್ರ ತಡೆ ಬಂದರೆ ಅದರ ಬದಲು ಬೇರೆಯದನ್ನು ಇಟ್ಟು ಹಿಂದಿನ, ಮುಂದಿನ ಎರಡು ಜೋಡಣೆಗಳನ್ನಷ್ಟೇ ಮತ್ತೆ ನುಡಿಸಿ ಅಂಟಿಸಬಹುದು. ಲಿಮಿಟರ್ ಹಾಕುವ ಮುಂಚಿನ 24 ಬಿಟ್ ಫೈಲನ್ನು ಅಳಿಸದೆ ಇಟ್ಟುಕೊಳ್ಳಬೇಕಾದ್ದು ಇದಕ್ಕಾಗಿಯೇ.